ಅಮ್ಮನ ಪಟ್ಟದ ಗೊಂಬೆಗಳು

ನನ್ನ ಮದುವೆಯಲ್ಲಿ ನನಗೆ ಪಟ್ಟದ ಗೊಂಬೆ ಸಿಗಲಿಲ್ಲ. ತಾಯಿಯ ಮದುವೆಯಲ್ಲಿ ಬಂದ ಆ ಮರದ ರಾಜ ರಾಣಿ ಮಗಳ ಜೊತೆ ಅವಳ ಗಂಡನ ಮನೆಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಗೊಂಬೆ ಎಲ್ಲಿ ಎಂದು ಅಪ್ಪನನ್ನು ಕೇಳಿದರೆ, "ಗೆದ್ದಲು ತಿಂದು ಹಾಳಾಗೋಯ್ತಮ್ಮ, ಒಲೆಗೆ ಹಾಕ್ದೆ" ಅಂದರು. ನಂಬಿದೆ. ಹೆತ್ತಪ್ಪನ ಮಾತನ್ನೂ ನಂಬದೆ ಇನ್ನೇನು ಮಾಡಲಿ? ನವರಾತ್ರಿಯಲ್ಲಿ ಜಯನಗರದ ನಮ್ಮ ಮನೆಗೆ ಬಂದವರು, "ಏನ್ರೀ, ತೌರಿಂದ ಪಟ್ಟದ ಗೊಂಬೆ ಕೊಡ್ಲಿಲ್ವಾ?" ಎಂದಾಗಲೆಲ್ಲ ಆ ಗೆದ್ದಲಿಗೆ ಶಾಪ ಹಾಕುತ್ತಿದ್ದೆ.

ಅರವತ್ತರ ದಶಕದಲ್ಲೊಮ್ಮೆ ನಮ್ಮ ಬೀದಿಯವರೆಲ್ಲ ವ್ಯಾನು ಮಾಡಿಕೊಂಡು ಕನಕಪುರ ರಸ್ತೆಯ ಕಡೆಯ ಬೆಟ್ಟದ ದೇವರಿಗೆ ಹೋದೆವು. ಅಪ್ಪನನ್ನೂ ಕರೆದುಕೊಂಡಿದ್ದೆ. ವಾಪಸು ಬರುವಾಗ, ಕೋಣನಕುಂಟೆ ಇನ್ನೂ ದೂರವಿರುವಾಗಲೇ ಒಬ್ಬಾಕೆ, "ಇಲ್ಲೇ ಹಳ್ಳೀಲಿ ಗೊಂಬೆಮನೆ ಇದೆಯಂತೆ, ನೋಡ್ಕೊಂಡೇ ಹೋಗೋಣ" ಎಂದು ಹಟ ಹಿಡಿದರು. ಅಪ್ಪ, "ಮಂಡಿ ನೋವು, ನಾನಿಲ್ಲೇ ಕೂತಿರ್ತೀನಿ" ಎಂದರು. ನಾನು ಬಿಡಬೇಕಲ್ಲ! ಕೈ ಹಿಡಿದು ಇಳಿಸಿದೆ.

ಆ ಊರಿನ ಜಮೀನ್ದಾರರೊಬ್ಬರು ತಮ್ಮ ತೊಟ್ಟಿಮನೆಯ ತುಂಬ ಗಾಜಿನ ಬೀರು ಇಟ್ಟು, ಅವರಿವರು ಕೊಟ್ಟ ಹಳೇ ಗೊಂಬೆಗಳನ್ನು ಜೋಡಿಸಿದ್ದರು. ಒಂದು ಬೀರುವಿನಲ್ಲಿ ನಮ್ಮಮ್ಮನ ರಾಜ ರಾಣಿ ನಿಂತಿದ್ದರು. ರಾಣಿಗೆ ಉಡಿಸಿದ್ದು ನನ್ನದೇ ಹಳದಿ ಲಂಗದ ಚೂರು, ಅಮ್ಮ ಕೈಯಾರೆ ಹೊಲಿದದ್ದು. ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ ದಾನಿಯ ಹೆಸರು ಅಪ್ಪನದು. ಅಯ್ಯೋ ದೇವರೇ! ಬೀರುವಿನ ಮೇಲೊಂದು ಹೆಸರಿನ ಆಸೆಗೆ ನನ್ನ ಕಣ್ಣಿಗೆ ಮಣ್ಣೆರಚಿದ್ದರು.

ಕೇಳಿಯೇಬಿಡೋಣ ಎಂದು ತಿರುಗುವಷ್ಟರಲ್ಲಿ ಜಮೀನ್ದಾರರೇ ಬಂದು ಅಪ್ಪನಿಗೆ ಕೈ ಮುಗಿದರು. "ದೊಡ್ಡ ಮನಸ್ಸು ಕಣ್ರಮ್ಮ ಇವರದು. ಮಗಳಿರೋ ಮನೆಯಿಂದ ಪಟ್ಟದ ಗೊಂಬೆ ನಾನು ತಗೊಳ್ಳಲ್ಲ, ಅದು ಮಗಳ ಸೊತ್ತು. ಇವರಿಗೆ ಹೆಣ್ಮಕ್ಕಳೇ ಇಲ್ವಂತೆ, ಪಾಪ."

ನಾನು ಅಪ್ಪನ ಮುಖ ನೋಡಿದೆ. ಗೊಂಬೆ ಹಾಳಾಗಿ ಹೋಗಲಿ, ಇವಳೇ ನನ್ನ ಮಗಳು ಎಂದು ಒಂದು ಮಾತು ಹೇಳಲಿ, ಎಲ್ಲ ಮರೆತುಬಿಡುತ್ತೇನೆ ಅನ್ನಿಸಿತು.

ಜಮೀನ್ದಾರರು ನನ್ನ ಕಡೆ ನೋಡಿ, "ಇವರು ನಿಮ್ಮ ಪೈಕಿಯೋರಾ?" ಎಂದು ಅಪ್ಪನನ್ನು ಕೇಳಿದರು.

"ಇಲ್ಲ ಇಲ್ಲ," ಎಂದರು ಅಪ್ಪ. "ಜಯನಗರದೋರು. ವ್ಯಾನಲ್ಲಿ ಜೊತೆಗೆ ಬಂದಿದ್ದಾರೆ, ಅಷ್ಟೇ."