ಪಕ್ಕದ ಮನೆಗೆ ಮರಳಿದವರು

ಕೆಲ್ಲಿವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಧಾರವಾಡದವರು. ಗಂಡ ತೀರಿಕೊಂಡಾಗ ಮನೆಯನ್ನು ಬಾಡಿಗೆಗೆ ಕೊಟ್ಟು ಮೆಲ್ಬರ್ನ್ ಸೇರಿದ್ದವರು, ಕೆಲವು ವರ್ಷಗಳ ಮೇಲೆ ಮರಳಿ ಬಂದರು. ಒಳಗೆ ಯಾರೂ ಇಲ್ಲದಿದ್ದರೂ ಬೀಗ ತೆಗೆಯುವ ಮುನ್ನ ಬಾಗಿಲನ್ನೊಮ್ಮೆ ಮೆಲ್ಲಗೆ ತಟ್ಟುತ್ತಿದ್ದರು. ಊಟಕ್ಕೆ ಕರೆದರೂ ಸಿನಿಮಾಕ್ಕೆ ಕರೆದರೂ ಒಂದೇ ಮಾತು: "ನೋಡೂಣು ತಗೋರಿ."

ಎದುರು ಮನೆಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಮೈಸೂರಿನವರೊಬ್ಬರು ಪುಟ್ಟ ಮಗಳೊಂದಿಗೆ ಇದ್ದರು. ಶಾಲೆ ಮುಗಿಸಿ ಬಂದ ಮಗು ಈಕೆಯ ಅಡುಗೆಮನೆಯಲ್ಲೇ ಇರತೊಡಗಿತು. ದೊಡ್ಡವರಿಬ್ಬರ ನಡುವೆಯೂ ಪ್ರೀತಿ ಬೆಳೆಯಿತು. ಮದುವೆಯಾಗೋಣವೇ ಎಂದು ಅವರು ಕೇಳಿದಾಗಲೂ ಈಕೆ, "ನೋಡೂಣು ತಗೋರಿ" ಎಂದರಂತೆ.

ಅವರು ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋಗಿದ್ದ ದಿನ ಮಗು ಆಡುತ್ತ ಬಿದ್ದು ಕೈ ಮುರಿದುಕೊಂಡಿತು. ಇಬ್ಬರನ್ನೂ ನಾನೇ ಆಸ್ಪತ್ರೆಗೆ ಕರೆದೊಯ್ದೆ. "ನೀವು ಮಗುವಿನ ತಾಯಿಯೇ?" ಎಂದು ನರ್ಸ್ ಕೇಳಿದಳು. ಈಕೆ ಮಗುವಿನ ಮುಖ ನೋಡಿದರು. ಮಗು ಅಳು ನಿಲ್ಲಿಸಿ ಹೇಳಿತು: "ನಾಟ್ ಯೆಟ್."

ಸಂಜೆ ಓಡೋಡಿ ಬಂದ ತಂದೆಗೆ ಈಕೆ ಹೇಳಿದರು: "ಆಕಿ ಎಲ್ಲಾ ಹೇಳಿಬಿಟ್ಟಾಳ್ರಿ. ಇನ್ನ ನಾ ಏನ್ ಹೇಳ್ಲಿ? ಒಂದು ಚೊಲೊ ದಿನ ನೋಡ್ರಿ."

ಪ್ಲಾಸ್ಟರ್ ಹಾಕಿದ ಕೈಯನ್ನು ಈಕೆಯ ಮಡಿಲಲ್ಲಿಟ್ಟು ಮಗು ಆಗಲೇ ನಿದ್ದೆ ಹೋಗಿತ್ತು.