ಹಾಲಿನ ಮಟ್ಟಕ್ಕೆ ಬಗ್ಗುತ್ತಿದ್ದವರು

ಬಗ್ಗುವಾಗ ಅವರ ಎಡಮಂಡಿ ಲಟಕ್ಕೆಂದು ಸದ್ದು ಮಾಡುತ್ತಿತ್ತು. ಹಾಲು ತುಂಬಿದ ಜಾಡಿಯನ್ನು ಕಡಪಾ ಕಲ್ಲಿನ ಮೇಲಿಟ್ಟು, ಅದರೊಳಗೆ ಲ್ಯಾಕ್ಟೋಮೀಟರ್ ಕಡ್ಡಿ ಬಿಟ್ಟು, ಕಣ್ಣು ಸರಿಯಾಗಿ ಹಾಲಿನ ಮಟ್ಟಕ್ಕೆ ಬರುವವರೆಗೆ ಅವರು ಕೆಳಗಿಳಿಯುತ್ತಿದ್ದರು. ಕಡ್ಡಿ ಮೇಲೆ ಕೆಳಗೆ ಆಡಿ ಆಡಿ ನಿಲ್ಲಬೇಕು. ಹಿಂದೆ ಕ್ಯಾನು ಹಿಡಿದವರ ಸಾಲು ಗೊಣಗುತ್ತಿತ್ತು.

"ಬಿರ್‍ನೆ ಬರ್ಕೊಳಣ್ಣ, ಮಕ್ಳು ಸ್ಕೂಲ್ಗೋಗ್ಬೇಕು."

"ನಿಲ್ಲಗಂಟ ತಡ್ಕೊ. ಅದೇನ್ ನನ್ ಮಾತ್ ಕೇಳ್ತದಾ?" ಅನ್ನುತ್ತಿದ್ದರು, ತಿರುಗಿಯೂ ನೋಡದೆ.

ಮದ್ದೂರು ತಾಲ್ಲೂಕಿನ ಕೊಪ್ಪದ ಪಕ್ಕದ ನಮ್ಮೂರಿನ ಹಾಲಿನ ಡೈರಿಗೆ ಅವರು ಸೆಕ್ರೆಟರಿ. ಊರಿಗೆಲ್ಲ ಸೆಕ್ರೆಟ್ರಣ್ಣ. ಒಳ್ಳೆಯ ಹಾಲಿನಲ್ಲಿ ಕಡ್ಡಿ ಇಪ್ಪತ್ತೆಂಟರ ಆಸುಪಾಸಿಗೆ ನಿಲ್ಲುತ್ತದೆ. ಹಾಲಿಗೆ ನೀರು ಬೆರೆತಿದ್ದರೆ ಕಡ್ಡಿ ಹೆಚ್ಚು ಮುಳುಗುತ್ತದೆ, ಡಿಗ್ರಿ ಕಡಿಮೆ ತೋರಿಸುತ್ತದೆ. ಆಮೇಲೆ ಪರೀಕ್ಷೆಯ ಮೆಷಿನ್ನು ಬಂತು. ಆದರೂ ಅವರು ಮೊದಲು ಕಡ್ಡಿ ನೋಡಿಯೇ ಮೆಷಿನ್ನಿಗೆ ಹಾಕುತ್ತಿದ್ದರು.

ಒಂದು ಬೆಳಿಗ್ಗೆ ಅವರ ಹೆಂಡತಿ ತಂದ ಹಾಲೇ ಇಪ್ಪತ್ತೆರಡಕ್ಕೆ ನಿಂತಿತು. ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು. ಅವರು ಕಾರ್ಡಿನಲ್ಲಿ ಇಪ್ಪತ್ತೆರಡು ಅಂತಲೇ ಬರೆದು, "ನಮ್ಮಸ ರಾತ್ರಿ ವಸಿ ನೀರು ಜಾಸ್ತಿ ಕುಡುದ್ಬುಟ್ಟದೆ ಕಣವ್ವ" ಅಂದರು. ಜನ ನಕ್ಕರು. ಆ ವಾರವೆಲ್ಲ ಮನೆಯಲ್ಲಿ ಅವರಿಗೆ ಬಡಿಸುವವರಿಲ್ಲದೆ, ನಮ್ಮ ಮನೆಗೆ ಬಂದು ಅವ್ವನ ಕೈ ಮುದ್ದೆ ಉಂಡರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಆಲೆಮನೆಯಲ್ಲಿ ಕೆಲಸ ಮಾಡಿ, ಹತ್ತೊಂಬತ್ತಕ್ಕೆ ಡೈರಿಗೆ ಸೇರಿದೆ. ಒಂದು ದಿನ ಅವರು, "ಕಡ್ಡಿ ಓದಕ್ ಬತ್ತದೆ, ಪುಸ್ತಕ ಓದಕ್ಕೇನ್ಲಾ ರೋಗ ನಿಂಗೆ?" ಅಂದರು. ಹಾಗೆ ಹೊರಗಿನಿಂದ ಎಸ್ಸೆಸ್ಸೆಲ್ಸಿ ಬರೆದೆ. ಗಡ್ಡ ಬಂದ ಮೇಲೆ ಮದ್ದೂರಿನಲ್ಲಿ ಪಿಯುಸಿ ಸೈನ್ಸಿಗೆ ಕೂತೆ.

ಆ ನಡುವೆ ಅವ್ವ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಒಬ್ಬ ಗಂಡಸು ನರ್ಸು ದಿನಕ್ಕೆ ಎಷ್ಟೋ ಸಲ ಬಂದು ಅವಳನ್ನು ಮಗ್ಗುಲು ತಿರುಗಿಸುತ್ತಿದ್ದ. ಅವ್ವ ಉಳಿಯಲಿಲ್ಲ. ಆದರೆ ಕೊನೆಯ ಸಲ ಸ್ನಾನ ಮಾಡಿಸುವಾಗ ಅವಳ ಬೆನ್ನಿನಲ್ಲಿ ಮಲಗಿ ಮಲಗಿ ಆಗುವ ಹುಣ್ಣು ಒಂದೂ ಇರಲಿಲ್ಲ. ಆ ಬೆನ್ನು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಕ್ಯಾನು ತೊಳೆಯುವಾಗ ಸೆಕ್ರೆಟರಿಗೆ ಹೇಳಿದೆ, ನರ್ಸಿಂಗ್ ಓದಬೇಕು ಅಂತ.

"ಗಂಡುಸ್ರೂ ಇರ್ತಾರಾ ಅದ್ರಲ್ಲಿ?"

"ಇರ್ತಾರೆ."

"ಸರಿ ಮತ್ತೆ" ಅಂದು ಇನ್ನೊಂದು ಕ್ಯಾನು ನನ್ನ ಕಡೆ ಉರುಳಿಸಿದರು.

ಮೊದಲ ವರ್ಷ ಸಿಇಟಿ ಬರೆದು, ಬೇಕಾದ ಕಾಲೇಜುಗಳನ್ನು ಆನ್‌ಲೈನಿನಲ್ಲಿ ತುಂಬುವಾಗ ಮಂಡ್ಯದ ಎರಡನ್ನು ಮಾತ್ರ ಹಾಕಿದೆ. ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂದಿರುಗುವಷ್ಟು ದೂರವೇ ನನ್ನ ಪ್ರಪಂಚ. ಆ ಎರಡಕ್ಕೆ ಎಷ್ಟೋ ಸಾವಿರ ಜನ ಕಾದಿದ್ದರು. ಸೀಟು ಸಿಗಲಿಲ್ಲ. ವಿಷಯ ಕೇಳಿ ಸೆಕ್ರೆಟರಿ ಬೈದರು. "ಮೂವತ್ ಮನೆ ಆಲ್ ಸುರುದ್ರೆ ಕ್ಯಾನ್ ತುಂಬ್ತದೆ ಕಣ್ಲಾ. ಎರಡ್ ಮನೆ ನೆಚ್ಕೊಂಡು ಲಾರಿ ಬರೇಳ್ತಾರಾ?"

ಮರುವರ್ಷ ಮತ್ತೆ ಬರೆದೆ. ಹಾಲಿನವರು ಹೋದ ಮೇಲೆ ಡೈರಿಯ ಕಂಪ್ಯೂಟರಿನ ಮುಂದೆ ಇಬ್ಬರೂ ಕೂತೆವು. ನಾನು ಒಂದೊಂದೇ ಹೆಸರು ಓದುತ್ತಿದ್ದೆ.

"ಇದ್ಯಾವ್ ಸೀಮೆಲದೆ?"

"ಕಲಬುರಗಿ ತಾವ."

"ಆಕು."

"ಅಷ್ಟ್ ದೂರ ಓಗಿ ಏನ್ ಮಾಡ್ಲಣ್ಣ?"

"ಇಲ್ಲಿದ್ಕೊಂಡ್ ಏನ್ ಕಿಸೀತಿದ್ದೀಯೆ? ಆಕು."

ಮೂವತ್ತನಾಲ್ಕು ಹಾಕಿದೆವು. ಕೊನೆಯ ಸುತ್ತಿನಲ್ಲಿ ಸೀಟು ಬಂತು, ಅದೂ ಮಂಡ್ಯದಲ್ಲೇ. ಅವರು ಕನ್ನಡಕ ಏರಿಸಿ, ಮಂಡಿ ಲಟಕ್ಕೆನ್ನಿಸಿ, ಕಣ್ಣನ್ನು ಪರದೆಯ ಆ ಸಾಲಿನ ಮಟ್ಟಕ್ಕೆ ತಂದರು.

"ನಿಂತದಾ? ಬದ್ಲಾಗದಿಲ್ವಾ?"

"ಇಲ್ಲಣ್ಣ. ಇದೇ ಕೊನೆ."

"ಅಂಗಾರೆ ಬರ್ಕೊ."

ಕಾಲೇಜು ಶುರುವಾಯಿತು. ಕ್ಲಾಸಿನಲ್ಲಿ ಎಲ್ಲರಿಗೂ ಹದಿನೆಂಟು, ನನಗೆ ಇಪ್ಪತ್ತಾರು. ಮೊದಲ ದಿನ ಒಬ್ಬಳು ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಅಂದಳು. ಆಮೇಲೆ ಎಲ್ಲರೂ ಅಂಕಲ್ ಅಂದರು, ತಿಂಗಳು ಕಳೆದ ಮೇಲೆ ಅಣ್ಣ ಅಂದರು. ಯಾರೂ ಕೆಟ್ಟವರಲ್ಲ. ಆದರೆ ಅವರು ನಗುವ ಮಾತು ನನಗೆ ಅರ್ಥವಾಗುತ್ತಿರಲಿಲ್ಲ, ಅನಾಟಮಿಯ ಇಂಗ್ಲಿಷೂ ಅರ್ಥವಾಗುತ್ತಿರಲಿಲ್ಲ. ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಎಲ್ಲರೂ ಮನೆಗೆ ಫೋನು ಮಾಡಿಕೊಂಡು ಕೂರುತ್ತಿದ್ದರು. ನಾನೂ ಕೂರುತ್ತಿದ್ದೆ, ಡೈರಿಯ ನಂಬರಿಗೆ.

"ಉಂಡ್ಯಾ?"

"ಊಂ."

"ಸರಿ, ಜನ ನಿಂತವ್ರೆ, ಮಡುಗ್ತೀನಿ."

ಎಷ್ಟೋ ದಿನ ಅವರು ಫೋನು ಕಟ್ ಮಾಡಲು ಮರೆತು ಮೇಜಿನ ಮೇಲಿಡುತ್ತಿದ್ದರು. ಆ ಕಡೆ ಕ್ಯಾನು ಬಡಿಯುವ ಸದ್ದು, ಹೆಂಗಸರ ಜಗಳ, "ಮುಂದಿನೋರ್ ಬನ್ನಿ" ಅನ್ನುವ ಅವರ ದನಿ ಕೇಳುತ್ತಿತ್ತು. ಹಾಲು ಮುಗಿಯುವವರೆಗೆ ಕೇಳಿಸಿಕೊಂಡು ಕೂತಿರುತ್ತಿದ್ದೆ. ಬೇಕೆಂದೇ ಮರೆಯುತ್ತಿದ್ದರೋ ಏನೋ, ಕೇಳಲಿಲ್ಲ.

ವಾರ್ಡಿನ ಕೆಲಸ ಶುರುವಾದ ಹೊಸತು. ಒಂದು ಮಧ್ಯಾಹ್ನ ಹನ್ನೆರಡು ಮಂಚಗಳ ಚಾರ್ಟು ನನ್ನ ಕೈಗೆ ಬಂತು. ಪ್ರತಿಯೊಬ್ಬರ ನಾಡಿ, ಉಸಿರು, ಜ್ವರ ನೋಡಿ ಬರೆಯಬೇಕು. ಜೊತೆಯ ಹುಡುಗ ಬ್ಯಾಗು ಏರಿಸಿಕೊಂಡು ನಿಂತಿದ್ದ. "ಅಣ್ಣ, ಬೆಳಿಗ್ಗೆದು ನೋಡ್ಕೊಂಡು ಅಲ್ಲೇ ಅಕ್ಕಪಕ್ಕ ಆಕ್ಬುಡಿ. ಬಸ್ ಓಯ್ತದೆ." ನಾನು ಮೇಜಿನ ಹತ್ತಿರವೇ ನಿಂತು ಹನ್ನೆರಡನ್ನೂ ಬರೆದೆ. ಎಪ್ಪತ್ತೆಂಟು, ಎಂಬತ್ತು, ಎಪ್ಪತ್ತಾರು. ಹೆಸರೂ ಓದಲಿಲ್ಲ. ಆಮೇಲೆ ಒಂದೊಂದೇ ಮಂಚಕ್ಕೆ ತಗುಲಿಹಾಕುತ್ತ ಹೋದೆ.

ಒಂಬತ್ತನೇ ಮಂಚದಲ್ಲಿ ಸೆಕ್ರೆಟರಿ ಇದ್ದರು.

ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಅರ್ಧ ಆಗಿದ್ದರು, ಪಾದ ಊದಿತ್ತು. "ಯಾವಾಗ್ ಬಂದ್ರಣ್ಣ? ಒಂದ್ ಫೋನ್ ಮಾಡ್ಬಾರ್ದಾ?" ಅಂದೆ.

"ಬೆಳಿಗ್ಗೆ ಬಂದೆ. ನಿನ್ ಕ್ಲಾಸ್ ಕೆಡ್ತದೆ ಅಂತ ಸುಮ್ಕಿದ್ದೆ. ಕೊಡಿಲ್ಲಿ ಅದ." ಚಾರ್ಟು ಇಸಿದುಕೊಂಡು ಕನ್ನಡಕ ಏರಿಸಿದರು. ನನ್ನ ಅಂಕಿ ಅವರಿಗೆ ಏಳು ವರ್ಷದಿಂದ ಗೊತ್ತು.

"ಇದು ನೀನ್ ಬರ್ದಿರದಲ್ವಾ?"

ಹೂಂ ಅಂತ ತಲೆ ಆಡಿಸಿದೆ.

"ನಾನ್ ಮಲಗ್ನಿಲ್ಲ ಕಣ್ಲಾ. ಎಚ್ರವಾಗೇ ಇದ್ದೆ. ಬೆಳಿಗ್ಗೆ ನೋಡಿದ್ ಮ್ಯಾಲೆ ನನ್ ಕೈ ಯಾವನೂ ಮುಟ್ನಿಲ್ಲ." ಬೈಯುವ ದನಿಯಲ್ಲ ಅದು. ಕೈ ಚಾಚಿದರು. "ಈಗ್ ನೋಡು. ನಿಲ್ಲಗಂಟ ತಡ್ಕೊ."

ಮಂಚದ ಪಕ್ಕ ಬಗ್ಗಿ ಕೂತೆ. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದೆ. ನಾಡಿ ಓಡುತ್ತಿತ್ತು, ನಡುನಡುವೆ ತಪ್ಪುತ್ತಿತ್ತು, ಮತ್ತೆ ಓಡುತ್ತಿತ್ತು. ನೂರ ಮೂವತ್ತೆರಡು. ನಾನು ಬರೆದಿದ್ದದ್ದು ಎಪ್ಪತ್ತೆಂಟು.

ಅದನ್ನು ಹೊಡೆದುಹಾಕಿ, ಇದ್ದದ್ದನ್ನು ಬರೆದು, ಸಿಸ್ಟರ್ ಹತ್ತಿರ ಓಡಿ ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವರು ನನ್ನ ಮುಖ ಒಂದು ಸಲ ನೋಡಿದರು, ಅಷ್ಟೇ. ಡಾಕ್ಟರು ಬಂದರು. ಸೆಕ್ರೆಟರಿಯನ್ನು ಐಸಿಯುಗೆ ತಳ್ಳಿಕೊಂಡು ಹೊರಟರು. ನಾನು ಗಾಡಿಯ ಜೊತೆ ಓಡಿದೆ. ಅವರು ಬಾಯಿಂದ ಆಕ್ಸಿಜನ್ ಮಾಸ್ಕು ವಸಿ ಸರಿಸಿ ಅಂದರು:

"ನನ್ ಬುಡು. ಇನ್ನೂ ಅನ್ನೊಂದವಲ್ಲ."

ನಿಂತುಬಿಟ್ಟೆ. ಗಾಡಿ ಹೋಯಿತು. ವಾಪಸ್ ಬಂದು ಹನ್ನೊಂದು ಮಂಚಕ್ಕೂ ಹೋಗಿ, ಹನ್ನೊಂದು ಕೈ ಹಿಡಿದು, ಒಂದೊಂದು ನಿಮಿಷ ಕೂತೆ. ಕಾಲೇಜಿನ ಬಸ್ಸು ಯಾವಾಗಲೋ ಹೊರಟುಹೋಗಿತ್ತು. ಹಾಸ್ಟೆಲಿಗೆ ಒಬ್ಬನೇ ನಡೆದೆ. ಮಾಡಿದ್ದನ್ನು ಹೇಳಿಕೊಳ್ಳಲು ನನಗಿದ್ದವರು ಒಬ್ಬರೇ, ಅವರು ಐಸಿಯುನಲ್ಲಿದ್ದರು.

ಹದಿನೈದು ದಿನಕ್ಕೆ ಅವರು ಊರಿಗೆ ಹೋದರು. ಆಮೇಲೆ ನಾಲ್ಕು ತಿಂಗಳು ಇದ್ದರು. ಫೋನಿನಲ್ಲಿ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. "ಉಂಡ್ಯಾ?" ಅನ್ನುತ್ತಿದ್ದರು. ಡೈರಿಗೆ ಹೋಗುತ್ತಿರಲಿಲ್ಲವಾದ್ದರಿಂದ ಹಿಂದೆ ಕ್ಯಾನಿನ ಸದ್ದು ಇರುತ್ತಿರಲಿಲ್ಲ.

ಸೆಮಿಸ್ಟರ್ ಪರೀಕ್ಷೆಯ ನಡುವೆ ಒಂದು ರಜೆಯ ದಿನ, ಬೆಳಗಿನ ಜಾವ ಸುದ್ದಿ ಬಂತು. ಮೊದಲ ಬಸ್ಸಿಗೆ ಹೊರಟು ಏಳು ಗಂಟೆಗೆ ಊರು ಸೇರಿದೆ. ಮನೆಯ ಮುಂದೆ ಮಲಗಿಸಿದ್ದರು. ನೋಡಿದೆ. ಎಡಮಂಡಿ ನೀಟಾಗಿ ಚಾಚಿತ್ತು.

ಎದುರಿಗೇ ಡೈರಿ. ಹಸುಗಳಿಗೆ ಸಾವಿನ ಮನೆ ಅಂತ ಗೊತ್ತಾಗುತ್ತದೆಯೇ? ಜನ ಹಾಲು ತಂದು ಸಾಲಾಗಿ ನಿಂತಿದ್ದರು. ಹಾಲು ನೋಡುವ ಹೊಸಬ ಚಿತೆಗೆ ಸೌದೆ ತರಲು ಹೋಗಿದ್ದ, ಲಾರಿ ಬರುವ ಹೊತ್ತಾಗಿತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಕೈ ತೊಳೆದು ಒಳಗೆ ಹೋದೆ.

ಐದಾರು ಜನ ಆದ ಮೇಲೆ ಪಕ್ಕದ ಮನೆಯಾಕೆ ಒಂದು ಕ್ಯಾನು ಮುಂದಿಟ್ಟಳು. "ಅವ್ರ ಮನೇದು ಕಣಪ್ಪ. ಅಸ ಬಡ್ಕೊತಿತ್ತು, ನಾನೇ ಆಲ್ ಕರ್ಕೊಬಂದೆ. ಇವತ್ತೊಂದಿನ ಒಂದೆರಡು ಗೆರೆ ಮೇಲಾಕ್ಲಾ."

ಜಾಡಿಗೆ ಹಾಲು ಸುರಿದು ಕಡ್ಡಿ ಬಿಟ್ಟೆ. ನಿಲ್ಲಲಿಲ್ಲ. ಎಷ್ಟು ಹೊತ್ತಾದರೂ ಮೇಲೆ ಕೆಳಗೆ ಆಡುತ್ತಲೇ ಇತ್ತು. ಆಮೇಲೆ ಗೊತ್ತಾಯಿತು, ಜಾಡಿಯನ್ನು ಕಲ್ಲಿನ ಮೇಲಿಡದೆ ಕೈಯಲ್ಲೇ ಹಿಡಿದಿದ್ದೇನೆ. ಕೆಳಗಿಟ್ಟೆ. ಬಗ್ಗಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದೆ. ಸಾಲಿನಲ್ಲಿ ಯಾರೂ ಗೊಣಗಲಿಲ್ಲ.

ಇಪ್ಪತ್ತೈದಕ್ಕೆ ನಿಂತಿತು. ಇಪ್ಪತ್ತೈದು ಅಂತ ಬರೆದೆ.

"ಮುಂದಿನೋರ್ ಬನ್ನಿ" ಅಂದೆ.