ಮೊದಲು ನಮ್ಮ ಚೀಲ

ಹೊಲಿಗೆ ಟೀಚರಿಗೆ ಆ ಶಾಲೆಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಗುಂಡಿ ಕಿತ್ತುಹೋದರೂ, ಜೇಬು ಹರಿದರೂ, ಗೆಳತಿ ಮಾತು ಬಿಟ್ಟರೂ ಮಕ್ಕಳು ಓಡುತ್ತಿದ್ದುದು ಅವರ ಕೋಣೆಗೇ. ಮೂರು ಹೊಲಿಗೆ ಯಂತ್ರ, ಒಂದು ಉದ್ದ ಮೇಜು, ಬಾಗಿಲಿಗೆ ಅವರೇ ಹೊಲಿದ ಹಸಿರು ಪರದೆ. ಯಾರು ಏನೆಂದರೂ ಹೂಂ ಅನ್ನುವ ಹೆಂಗಸು ಎಂದೇ ಹೆಸರು. ಆ ಹೆಸರು ಹೋದದ್ದು ಒಂದು ಸೋಮವಾರ.

ಅವತ್ತು ಒಂಬತ್ತನೇ ತರಗತಿಯ ಪರೀಕ್ಷೆ ನಡೆಯುತ್ತಿದ್ದಾಗ ಯಾರದೋ ಚೀಲದೊಳಗೆ ಮೊಬೈಲ್ ಗುಂಯ್‌ಗುಟ್ಟಿತು. ಕಾವಲಿಗಿದ್ದ ಡ್ರಿಲ್ ಮೇಷ್ಟ್ರು ಕೆಂಡಾಮಂಡಲವಾದರು. ಹುರಿಮೀಸೆಯ ಆ ಮನುಷ್ಯ ಕೆಮ್ಮಿದರೆ ಸಾಕು, ಇಡೀ ಮೈದಾನ ಸಾಲಾಗಿ ನಿಲ್ಲುತ್ತಿತ್ತು. ಪರೀಕ್ಷೆ ಮುಗಿದದ್ದೇ ಹೆಡ್‌ಮಾಸ್ಟರ ಬಳಿ ಹೋದರು.

"ಎಲ್ಲರ ಚೀಲಾನೂ ಮೈದಾನದಲ್ಲಿ ಸುರಿಸ್ಬೇಕು ಸಾರ್. ಹುಡುಗೀರದ್ದು ಹೊಲಿಗೆ ಟೀಚರ್ ನೋಡ್ಲಿ."

"ನಾನು ಸುರಿಸಲ್ಲ," ಎಂದರು ಅಲ್ಲೇ ನಿಂತಿದ್ದ ಹೊಲಿಗೆ ಟೀಚರ್. ಆ ದನಿ ತನ್ನದೇ ಹೌದೋ ಅಲ್ಲವೋ ಎಂದು ಅವರಿಗೇ ಅನುಮಾನವಾಯಿತು.

ಚಿಕ್ಕಂದಿನಲ್ಲಿ ಅವರು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ಯಾರದೋ ಸರ ಕಳೆದು, ವಾರ್ಡನ್ ಇವರ ಪೆಟ್ಟಿಗೆಯನ್ನು ಅಂಗಳದಲ್ಲಿ ಬೋರಲು ಹಾಕಿದ್ದರು. ಸರ ಸಿಗಲಿಲ್ಲ, ತೇಪೆಯ ಮೇಲೆ ತೇಪೆ ಹಾಕಿದ ಲಂಗ ಹೊರಬಿತ್ತು. ಹುಡುಗಿಯರು ಬಿದ್ದು ಬಿದ್ದು ನಕ್ಕಿದ್ದರು.

"ನನ್ನ ಕೋಣೇಲಿ, ಪರದೆ ಎಳೆದು, ಒಬ್ಬೊಬ್ಬರೇ ಬರ್ಲಿ. ಚೀಲ ಅವರವರೇ ತೆಗೀಲಿ. ಅದಕ್ಕೂ ಮುಂಚೆ ನಮ್ಮ ಚೀಲ ನಾವು ತೋರಿಸೋಣ. ಸದ್ದು ದೊಡ್ಡವರ ಚೀಲದಿಂದ್ಲೂ ಬಂದಿರಬಹುದಲ್ಲ ಸಾರ್?"

ಹೆಡ್‌ಮಾಸ್ಟರು ಬೋಳುತಲೆ ಸವರಿಕೊಂಡರು. "ಅದೂ ನ್ಯಾಯಾನೇ. ಹಾಗಾದ್ರೆ ಪರೀಕ್ಷೆ ಕೋಣೇಲಿದ್ದ ಮೇಷ್ಟ್ರದ್ದೇ ಮೊದಲು."

ಹುರಿಮೀಸೆ ಇಳಿಬಿತ್ತು. ಹೊಲಿಗೆ ಕೋಣೆಯಲ್ಲಿ ಪರದೆ ಎಳೆದ ಮೇಲೂ ಡ್ರಿಲ್ ಮೇಷ್ಟ್ರು ಚೀಲವನ್ನು ಎದೆಗವಚಿಕೊಂಡೇ ನಿಂತರು. ಕೊನೆಗೆ ಒಂದೊಂದಾಗಿ ಹೊರಬಂದವು: ಎರಡು ಹೆಣಿಗೆ ಕಡ್ಡಿ, ಹಳದಿ ಉಣ್ಣೆಯ ಉಂಡೆ, ಅರ್ಧ ಹೆಣೆದ ಅಂಗೈಯಗಲದ ಟೋಪಿ.

"ಮನೆಯವಳು ಬಸುರಿ," ಎಂದರು ತಲೆ ತಗ್ಗಿಸಿ. "ಇಷ್ಟು ವರ್ಷದ ಮೇಲೆ. ನಾನು ಹೆಣೀತೀನಿ ಅಂತ ಹುಡುಗರಿಗೆ ಗೊತ್ತಾದ್ರೆ ನಾನು ಊದೋ ಸೀಟಿಗೆ ಮೂರು ಕಾಸಿನ ಬೆಲೆ ಇರುತ್ತಾ?"

"ಇದನ್ನ ಮೈದಾನದಲ್ಲಿ ಸುರಿದಿದ್ರೆ ಏನ್ರೀ ಗತಿ!" ಎಂದು ಹೆಡ್‌ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರಿಗೂ ನಗು ಬಂತು. ಹೊಲಿಗೆ ಟೀಚರ್ ಟೋಪಿಯನ್ನು ತಿರುಗಿಸಿ ನೋಡಿ, "ಕೈ ಚೆನ್ನಾಗಿದೆ. ಇಲ್ಲೆರಡು ಕುಣಿಕೆ ಜಾರಿದೆ, ಆಮೇಲೆ ಹೇಳಿಕೊಡ್ತೀನಿ," ಎಂದರು.

ಆಮೇಲೆ ಪರದೆಯ ಹೊರಗೆ ಕಾವಲು ನಿಂತವರು ಡ್ರಿಲ್ ಮೇಷ್ಟ್ರೇ. ಇಣುಕಲು ಬಂದವರನ್ನೆಲ್ಲ ಕಣ್ಣಲ್ಲೇ ಓಡಿಸಿದರು.

ನಾಲ್ಕಾರು ಮಂದಿ ಬಂದುಹೋದ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಒಳಗೆ ಬಂದಳು. ಕೇಳುವ ಮೊದಲೇ ಮೊಬೈಲನ್ನು ಮೇಜಿನ ಮೇಲಿಟ್ಟಳು. ಕಣ್ಣು ತುಂಬಿತ್ತು.

"ಅಕ್ಕನ್ನ ಹೆರಿಗೆಗೆ ಸೇರಿಸಿದಾರೆ ಮಿಸ್. ಅಮ್ಮ ಫೋನ್ ಮಾಡ್ತಾಳೆ ಅಂತ ಇದನ್ನ ತಂದಿದ್ದೆ."

"ಆಫೀಸಲ್ಲಿ ಕೊಟ್ಟಿದ್ರೆ ಅವರೇ ನಿನ್ನ ಕರೀತಿದ್ರಲ್ಲ ಪುಟ್ಟೀ. ಇನ್ಮೇಲೆ ಹಾಗೆ ಮಾಡು," ಎನ್ನುವಷ್ಟರಲ್ಲಿ ಮೊಬೈಲ್ ಮೇಜಿನ ಮೇಲೆ ನಡುಗಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. "ತೆಗಿಯೇ, ಏನು ನೋಡ್ತೀಯ!"

ಕಿವಿಗಿಟ್ಟುಕೊಂಡ ಹುಡುಗಿ ನಿಂತಲ್ಲೇ ಕುಣಿದಳು. "ನಾನು ಚಿಕ್ಕಮ್ಮ ಆದೆ ಮಿಸ್! ಅವಳಿ! ಎರಡೂ ಹೆಣ್ಣು!"

ಹೊರಗಿದ್ದ ಡ್ರಿಲ್ ಮೇಷ್ಟ್ರಿಗೆ ಏನನ್ನಿಸಿತೋ, ಸಂತೋಷ ತಡೆಯಲಾರದೆ ಸೀಟಿ ಊದಿಯೇಬಿಟ್ಟರು. ಆಟದ ಪೀರಿಯಡ್ ಎಂದುಕೊಂಡು ಮೂರು ತರಗತಿಗಳು ದಬದಬ ಮೈದಾನಕ್ಕಿಳಿದವು.

"ಬಂದಿದ್ದಾಯ್ತಲ್ಲ, ಆಡ್ಲಿ ಬಿಡಿ," ಎಂದರು ಹೆಡ್‌ಮಾಸ್ಟರು. ಇನ್ನು ಮುಂದೆ ಚೀಲ ನೋಡುವುದಿದ್ದರೆ ಪರದೆಯ ಹಿಂದೆಯೇ, ದೊಡ್ಡವರದ್ದೇ ಮೊದಲು ಎಂದೂ ಅಲ್ಲೇ ಅಪ್ಪಣೆ ಕೊಟ್ಟರು.

ಹುಡುಗಿಯರು ಹೊಲಿಗೆ ಟೀಚರ ಕೈ ಹಿಡಿದು ಜಗ್ಗಿದರು. ಅವರು ಚಪ್ಪಲಿ ಕಳಚಿ ಮೂಲೆಗಿಟ್ಟು ಓಡಿದರು. ಮೈದಾನದ ಎರಡನೇ ಸುತ್ತಿಗೇ ಏದುಸಿರು ಬಂತು, ಆದರೂ ನಿಲ್ಲಲಿಲ್ಲ.